ಹಿನ್ನೀರು ನೋಡಲು ಕೇರಳಕ್ಕೇ ಹೋಗಬೇಕೆ?

ಡಿಸೆಂಬರ್ ಬಂತೆಂದರೆ ನಮ್ಮ ಕಾಲೇಜಿನಲ್ಲಿ ಎರಡೇ ಮಾತು. ಒಂದು ಪೂರ್ವಸಿದ್ಧತಾ ಪರೀಕ್ಷೆ, ಇನ್ನೊಂದು ಪ್ರವಾಸ. ಮೊದಲನೆಯದರಲ್ಲಿ ಯಾರಿಗೂ ಆಯ್ಕೆ ಇಲ್ಲ. ಎರಡನೆಯದರಲ್ಲಿ ಮಾತ್ರ ಪ್ರತಿಯೊಬ್ಬರಿಗೂ ಒಂದೊಂದು ಅಭಿಪ್ರಾಯ. ಕಲಾ ವಿಭಾಗದವರು ಊಟಿ ಎನ್ನುತ್ತಾರೆ, ವಾಣಿಜ್ಯದವರು ಚಿಕ್ಕಮಗಳೂರು ಎನ್ನುತ್ತಾರೆ, ವಿಜ್ಞಾನದವರು ಅಲಪ್ಪುಳ ಮತ್ತು ಮುನ್ನಾರ್ ಬಿಟ್ಟು ಬೇರೆ ಹೆಸರು ಹೇಳುವುದಿಲ್ಲ. ಹಿನ್ನೀರಿನಲ್ಲಿ ಹೌಸ್‌ಬೋಟ್, ಬೆಟ್ಟದ ಮೇಲೆ ಮಂಜು, ಕೆರೆ ದಂಡೆಯಲ್ಲಿ ಫೋಟೋ. ಪರೀಕ್ಷೆಗೆ ಮುಂಚೆ ಮನಸ್ಸು ಹಗುರಾಗಬೇಕು ಎಂಬುದು ಎಲ್ಲರ ವಾದ. ಆ ವಾದಕ್ಕೆ ನನ್ನ ಒಪ್ಪಿಗೆ ಇದೆ.

ನನ್ನ ಅಭಿಪ್ರಾಯವನ್ನೂ ಹೇಳುತ್ತೇನೆ. ಈ ವರ್ಷ ಕಾಲೇಜಿನ ಪ್ರವಾಸ ಕೊಪ್ಪಳ ಜಿಲ್ಲೆಯೊಳಗೇ ಆಗಲಿ. ಒಂದೇ ದಿನದ್ದಾಗಲಿ. ಅದರಲ್ಲಿ ಎಲ್ಲರೂ ಇರಲಿ.

ಕೊನೆಯ ಮಾತು ಮುಖ್ಯವಾದ್ದರಿಂದ ಅದನ್ನೇ ಮೊದಲು ವಿವರಿಸುತ್ತೇನೆ. ನಾಲ್ಕು ದಿನದ ಪ್ರವಾಸದ ನೋಟಿಸ್ ಬೋರ್ಡಿಗೆ ಬಿದ್ದ ದಿನ ತರಗತಿಯಲ್ಲಿ ಎರಡು ಗುಂಪು ಆಗುತ್ತವೆ. ಒಂದು ಗುಂಪು ಯಾರ ಪಕ್ಕ ಯಾರು ಕೂರಬೇಕು ಎಂದು ಲೆಕ್ಕ ಹಾಕುತ್ತದೆ. ಇನ್ನೊಂದು ಗುಂಪು ಸುಮ್ಮನಾಗುತ್ತದೆ. ಸುಮ್ಮನಾದವರಲ್ಲಿ ಕೆಲವರ ಮನೆಯಲ್ಲಿ ಅಷ್ಟು ದುಡ್ಡು ಕೇಳುವ ಪರಿಸ್ಥಿತಿ ಇರುವುದಿಲ್ಲ. ಅಬ್ಬಾ ಹಮಾಲಿ ಮಾಡುತ್ತಾರೆ, ಅಮ್ಮಿ ಹೊಲಿಗೆ ಮಾಡುತ್ತಾರೆ, ಕೆಳಗೆ ಇಬ್ಬರು ತಮ್ಮಂದಿರ ಫೀಸು ಬಾಕಿ ಇರುತ್ತದೆ. ಇನ್ನು ಕೆಲವರು ಹುಡುಗಿಯರು. ದುಡ್ಡಿದ್ದರೂ ಅವರಿಗೆ ರಾತ್ರಿ ಹೊರಗೆ ಉಳಿಯಲು ಮನೆಯಲ್ಲಿ ಒಪ್ಪಿಗೆ ಸಿಗುವುದಿಲ್ಲ. "ದಿನಾ ಬೇಕಾದ್ರ ಹೋಗಿ ಬಾ, ರಾತ್ರಿ ಉಳಿಯೂದು ಮಾತ್ರ ಬ್ಯಾಡ" ಎಂಬ ಮಾತು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಒಂದೇ ಧಾಟಿಯಲ್ಲಿ ಕೇಳಿಸುತ್ತದೆ. ಅದು ಮುಸ್ಲಿಮರ ಮನೆಯಲ್ಲಿ ಮಾತ್ರ ಎಂದು ಯಾರೂ ತಿಳಿಯಬೇಡಿ. ಹಳ್ಳಿಯಿಂದ ಬಸ್ಸಿಗೆ ಬರುವ ನಮ್ಮ ಲಿಂಗಾಯತ, ಕುರುಬ, ದಲಿತ ಗೆಳತಿಯರ ಮನೆಯಲ್ಲೂ ಇದೇ ಮಾತು.

ಆ ಮಾತು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಅದು ಬೇಕು ಕೂಡ. ಆದರೆ ಆ ಚರ್ಚೆ ಈ ಡಿಸೆಂಬರಿನೊಳಗೆ ಮುಗಿಯುವುದಿಲ್ಲ, ಪಿಯುಸಿ ಎರಡೇ ವರ್ಷದಲ್ಲಿ ಮುಗಿಯುತ್ತದೆ. ಕಾಲೇಜಿನ ಹೆಸರಿನಲ್ಲಿ ಹೊರಡುವ ಬಸ್ಸಿನಲ್ಲಿ ಹೋಗಬಲ್ಲವರು ಮಾತ್ರ ಕೂರುತ್ತಾರೆ ಎಂದಾದರೆ, ಅದು ಕಾಲೇಜಿನ ಪ್ರವಾಸ ಹೇಗಾದೀತು?

ಹತ್ತಿರದ ಜಾಗ ಎಂದರೆ ಸಪ್ಪೆ ಎಂದು ತಿಳಿದವರಿಗಾಗಿ ನಮ್ಮ ಜಿಲ್ಲೆಯಲ್ಲಿ ಏನಿದೆ ಎಂದು ನೋಡೋಣ.

ಹಿನ್ನೀರಿನಿಂದಲೇ ಶುರು ಮಾಡುತ್ತೇನೆ. ಅಲಪ್ಪುಳದಲ್ಲಿ ಇರುವುದು ಸಮುದ್ರದ ಅಂಚಿನ ಕಾಯಲುಗಳು. ಅಲ್ಲಿನ ವೆಂಬನಾಡ್ ಕಾಯಲು ಅಣೆಕಟ್ಟಿನಿಂದ ಆದದ್ದಲ್ಲ, ಪ್ರಕೃತಿಯೇ ಮಾಡಿದ್ದು. ಇವತ್ತಿನ ಹೌಸ್‌ಬೋಟ್ ಕೂಡ ಹಿಂದೆ ಭತ್ತ, ಅಕ್ಕಿ ಸಾಗಿಸುತ್ತಿದ್ದ ಕೆಟ್ಟುವಳ್ಳಂ ಎಂಬ ದೋಣಿಯೇ. ಕನ್ನಡದಲ್ಲಿ ಹಿನ್ನೀರು ಎಂದರೆ ಅಣೆಕಟ್ಟಿನ ಹಿಂದೆ ನಿಂತ ನೀರು. ಆ ಅರ್ಥದ ಹಿನ್ನೀರು ಕೊಪ್ಪಳದಿಂದ ಬಸ್ಸಿನಲ್ಲಿ ಒಂದು ಗಂಟೆಯೊಳಗೆ ಸಿಗುತ್ತದೆ. ಅಲಪ್ಪುಳಕ್ಕೆ ಇಲ್ಲಿಂದ ಎಂಟು ನೂರು ಕಿಲೋಮೀಟರಿಗಿಂತ ಹೆಚ್ಚು. ನಾಲ್ಕು ದಿನದ ಪ್ರವಾಸದಲ್ಲಿ ಎರಡು ದಿನ ಬಸ್ಸಿನ ಸೀಟಿನಲ್ಲೇ ಕಳೆಯುತ್ತವೆ. ವಿಶ್ರಾಂತಿಗೆ ಹೋದವರು ಕುತ್ತಿಗೆ ಹಿಡಿದುಕೊಂಡು ವಾಪಸ್ ಬರುತ್ತಾರೆ.

ಮುನಿರಾಬಾದ್ ಡ್ಯಾಮು ನಮಗೆ ಹುಲಿಗೆಮ್ಮನ ಜಾತ್ರೆಗೆ ಹೋಗುವಾಗ, ಹೊಸಪೇಟೆಗೆ ಹೋಗುವಾಗ ಕಿಟಕಿಯಲ್ಲಿ ಕಾಣುವ ಗೋಡೆ. ಇಳಿದು ನಿಂತು ನೋಡಿದವರು ಕಡಿಮೆ. ತುಂಬಿದಾಗ ಅದರ ನೀರು ಸುಮಾರು 378 ಚದರ ಕಿಲೋಮೀಟರ್ ಹರಡುತ್ತದೆ. ದಂಡೆಯಲ್ಲಿ ನಿಂತರೆ ಆಚೆ ದಡ ಕಾಣುವುದಿಲ್ಲ, ಗಾಳಿಗೆ ಅಲೆ ಏಳುತ್ತದೆ. ಸಮುದ್ರ ನೋಡದವರಿಗೆ ಅದೇ ಸಮುದ್ರ. 1945ರ ಫೆಬ್ರುವರಿ 28ರಂದು ಇದಕ್ಕೆ ಅಡಿಗಲ್ಲು ಬಿತ್ತು. ಆಗ ಈ ದಂಡೆ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿತ್ತು, ಆ ದಂಡೆ ಬ್ರಿಟಿಷರ ಮದ್ರಾಸ್ ಪ್ರಾಂತದಲ್ಲಿತ್ತು. ಎರಡು ಸರ್ಕಾರಗಳು ಸೇರಿ ಶುರು ಮಾಡಿದ ಕೆಲಸವದು. 1953ರಲ್ಲಿ ನೀರು ನಿಂತಿತು. ಆ ನೀರಿನ ಕೆಳಗೆ ಸುಮಾರು 90 ಹಳ್ಳಿಗಳು ಹೋದವು, 50 ಸಾವಿರಕ್ಕೂ ಹೆಚ್ಚು ಜನ ಊರು ಬಿಟ್ಟರು. ನಮ್ಮ ತರಗತಿಗಳಲ್ಲೇ ಅಂಥ ಊರುಗಳಿಂದ ಎದ್ದು ಬಂದವರ ಮೊಮ್ಮಕ್ಕಳು, ಮರಿಮಕ್ಕಳು ಇದ್ದಾರು. ಹಿನ್ನೀರಿನ ದಂಡೆಯಲ್ಲಿ ಒಮ್ಮೆ ಕೂತು ಬಂದರೆ ಅಜ್ಜಿಯನ್ನೋ ದಾದಿಯನ್ನೋ ಕೇಳಲು ಒಂದು ಪ್ರಶ್ನೆ ಹುಟ್ಟುತ್ತದೆ.

ಕಟ್ಟಿದಾಗ ಇದರಲ್ಲಿ ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ಗಂಗಾವತಿಯ ಭತ್ತದ ರೈತರ ಮನೆಗಳಲ್ಲಿ ನಿದ್ದೆ ಇರಲಿಲ್ಲ. ಭೂಗೋಳ, ಅರ್ಥಶಾಸ್ತ್ರ, ಭೌತಶಾಸ್ತ್ರ ಮೂರೂ ಪಾಠಗಳು ಒಂದೇ ಗೋಡೆಯಲ್ಲಿವೆ. ಡ್ಯಾಮಿನ ಕೆಳಗೆ ಇನ್ನೊಂದು ಸಂಗತಿ ಇದೆ. ಕೊಪ್ಪಳ ತಾಲೂಕಿನ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ ತುಂಗಭದ್ರೆಯನ್ನು 2015ರಲ್ಲಿ ಸರ್ಕಾರ ನೀರುನಾಯಿಗಳ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದೆ. ನಮ್ಮ ಹೊಳೆಯಲ್ಲಿ ನೀರುನಾಯಿ ಇದೆ ಎಂಬುದು ಊಟಿಯ ಹೂವುಗಳ ಹೆಸರು ಹೇಳಬಲ್ಲ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಕೆರೆ ಬೇಕೆಂದರೆ ಗಂಗಾವತಿ ತಾಲೂಕಿನ ಸಾಣಾಪುರ ಇದೆ. ಸುತ್ತಲೂ ಒಂದರ ಮೇಲೊಂದು ಪೇರಿಸಿಟ್ಟಂಥ ದೊಡ್ಡ ದೊಡ್ಡ ಗುಂಡುಗಳು, ಮಧ್ಯೆ ತಿಳಿನೀರು, ಪಕ್ಕದಲ್ಲಿ ಹಸಿರು ಗದ್ದೆ. ಬೆಂಗಳೂರು, ಹೈದರಾಬಾದಿನಿಂದ, ಯುರೋಪಿನಿಂದ ಜನ ಹಣ ಕೊಟ್ಟು ಬಂದು ಇಲ್ಲಿ ದಿನಗಟ್ಟಲೆ ಉಳಿಯುತ್ತಾರೆ. ವಿಶ್ರಾಂತಿಗೆಂದು ಜಗತ್ತು ನಮ್ಮಲ್ಲಿಗೆ ಬರುತ್ತಿರುವಾಗ ನಾವು ರಾತ್ರಿಯೆಲ್ಲ ಬಸ್ಸಿನಲ್ಲಿ ತೂಕಡಿಸುತ್ತ ಬೇರೆ ಕಡೆ ಹೋಗುತ್ತೇವೆ. ಅಲ್ಲಿಂದ ಆನೆಗುಂದಿ ಹತ್ತಿರ. ಅಲ್ಲಿನ ಹರಿಗೋಲುಗಳಿಗೂ ಇತಿಹಾಸವಿದೆ. ಸುಮಾರು 1520ರಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್, ಚರ್ಮ ಹೊದಿಸಿದ ಈ ದುಂಡು ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ಐದು ನೂರು ವರ್ಷ ಕಳೆದರೂ ದೋಣಿಯ ಆಕಾರ ಬದಲಾಗಿಲ್ಲ.

ಬೆಟ್ಟ ಬೇಕೆಂದರೆ ಹಿರೇಬೆಣಕಲ್. ಗಂಗಾವತಿಯಿಂದ ಸ್ವಲ್ಪ ದೂರದ ಈ ಗುಡ್ಡವನ್ನು ಊರಿನವರು ಮೋರ್ಯರ ಗುಡ್ಡ ಎನ್ನುತ್ತಾರೆ. ಕಲ್ಲುಬಂಡೆಗಳ ನಡುವೆ ಏದುಸಿರು ಬಿಡುತ್ತ ಹತ್ತಿದರೆ ಮೇಲೆ ನೂರಾರು ಕಲ್ಲಿನ ಮನೆಗಳು. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ, ಎರಡು ಸಾವಿರ ವರ್ಷಕ್ಕೂ ಹಳೆಯ ಕಬ್ಬಿಣ ಯುಗದ ಶಿಲಾ ಸಮಾಧಿಗಳವು. ಕೆಲವದರಲ್ಲಿ ದುಂಡಗೆ ಕೊರೆದ ಕಿಂಡಿ ಇದೆ. ಒಂದು ಬಂಡೆಯ ಮೇಲೆ ದೊಡ್ಡ ನಗಾರಿ ಕಲ್ಲು ಇದೆ, ಬಡಿದರೆ ದೂರಕ್ಕೆ ಕೇಳಿಸುತ್ತದೆ. ಚಪ್ಪಡಿ ಒಡೆದು ತೆಗೆದ ಜಾಗದಲ್ಲಿ ನೀರು ನಿಂತು ಗುಡ್ಡದ ಮೇಲೇ ಒಂದು ಕೆರೆಯಾಗಿದೆ. 2021ರಲ್ಲಿ ಈ ಜಾಗ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಇತಿಹಾಸದ ಮೊದಲ ಅಧ್ಯಾಯದಲ್ಲಿ ಬೃಹತ್ ಶಿಲಾಯುಗ ಎಂದು ಬಾಯಿಪಾಠ ಮಾಡುವ ನಮಗೆ ಅದು ಕಣ್ಣೆದುರಿಗೇ ಇದೆ.

ಗಂಗಾವತಿಯವರಿಗಷ್ಟೇ ಭಾಗ್ಯ ಎಂದು ಕುಷ್ಟಗಿ, ಯಲಬುರ್ಗಾದ ಗೆಳೆಯರು ಮುಖ ಸಪ್ಪಗೆ ಮಾಡಬೇಕಿಲ್ಲ. ಕುಷ್ಟಗಿಯ ಹತ್ತಿರ ನಿಡಶೇಸಿ ಕೆರೆ ಇದೆ. ಹೂಳು ತುಂಬಿ ಒಣಗಿದ್ದ ಆ ಕೆರೆಯನ್ನು 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನರೇ ನಿಂತು ಹೂಳೆತ್ತಿ ಉಳಿಸಿಕೊಂಡರು. ಮಳೆ ಚೆನ್ನಾಗಿ ಬಿದ್ದಾಗ ಕಬ್ಬರಗಿಯ ಕಪಿಲತೀರ್ಥದಲ್ಲಿ ನೀರು ಧುಮುಕುತ್ತದೆ. ಯಲಬುರ್ಗಾ ಕಡೆಯವರಿಗೆ ಕುಕನೂರು ಇದೆ, ಇಟಗಿ ಇದೆ. ಇಟಗಿಯ ಮಹಾದೇವ ದೇವಾಲಯ 1112ರದ್ದು, ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಕಟ್ಟಿಸಿದ್ದು. ಅದರ ಮುಂದಿನ ಕಲ್ಲಿನ ಪುಷ್ಕರಿಣಿಯ ಮೆಟ್ಟಿಲ ಮೇಲೆ ಕೂತರೆ ಬಿಸಿಲಿನ ದಿನವೂ ತಂಪೆನಿಸುತ್ತದೆ. ಕೊಪ್ಪಳ ಪಟ್ಟಣದಲ್ಲೇ ಪಲ್ಕಿಗುಂಡು ಇದೆ. ಆ ಗುಂಡಿನ ನೆರಳಲ್ಲಿ ಅಶೋಕನ ಬ್ರಾಹ್ಮಿ ಲಿಪಿಯ ಶಾಸನ ಇರುವುದು 1931ರಲ್ಲಿ ಪತ್ತೆಯಾಯಿತು. ಪ್ರಯತ್ನಪಟ್ಟರೆ ದೊಡ್ಡವರಂತೆಯೇ ಸಣ್ಣವರೂ ಮೇಲೇರಬಲ್ಲರು ಎಂಬುದು ಆ ಶಾಸನದ ತಾತ್ಪರ್ಯ. ಪಿಯುಸಿ ಪರೀಕ್ಷೆಗೆ ಕೂರುವವರು ಓದಿಕೊಂಡು ಬರಬೇಕಾದ ಮಾತು.

ಸಫರ್ ಎಂದರೆ ದೂರ ಹೋಗುವುದು ಎಂದು ವಾದಿಸುವವರು ಇಬ್ನ್ ಬತೂತನ ಹೆಸರು ಹೇಳುತ್ತಾರೆ. 1325ರಲ್ಲಿ, 21ರ ವಯಸ್ಸಿನಲ್ಲಿ ಟ್ಯಾಂಜಿಯರ್‌ನಿಂದ ಹೊರಟು ಹತ್ತಿರ ಹತ್ತಿರ 30 ವರ್ಷ ತಿರುಗಿದ ಮನುಷ್ಯ. ನಿಜ. ಆದರೆ ಅವನ ಕಥನದಲ್ಲಿ ನಮ್ಮ ಕಡೆಯ ಕಥೆಯೂ ಇದೆ ಎಂಬುದನ್ನು ಹೇಳುವವರು ಕಡಿಮೆ. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್ ವಿರುದ್ಧ ದಂಗೆ ಎದ್ದ ಬಹಾವುದ್ದೀನ್ ಗುರ್ಶಾಸ್ಪ್ ತಪ್ಪಿಸಿಕೊಂಡು ಬಂದದ್ದು ಕಂಪಿಲಿಯ ಅರಸನಲ್ಲಿಗೆ. ಸುಲ್ತಾನನ ಸೈನ್ಯ ಮುತ್ತಿದಾಗ ಅರಸ ಅತಿಥಿಯನ್ನು ಹಿಡಿದುಕೊಡಲಿಲ್ಲ. ಅವನನ್ನು ಬೇರೊಬ್ಬ ರಾಜನಲ್ಲಿಗೆ ಕಳಿಸಿ ತಾನು ಹೋರಾಡಿ ಸತ್ತ. ಇದು 1327ರ ಸುಮಾರಿನ ಘಟನೆ. ಆ ಅರಸ ಕಂಪಿಲದೇವ, ನಾವು ಜನಪದದಲ್ಲಿ ಕೇಳುವ ಕುಮಾರರಾಮನ ತಂದೆ. ಅವರ ಕುಮ್ಮಟದುರ್ಗ ಇರುವುದು ಗಂಗಾವತಿ ತಾಲೂಕಿನ ಗುಡ್ಡಗಳಲ್ಲಿ. ಹಿಂದೂ ಅರಸನೊಬ್ಬ ಮುಸ್ಲಿಂ ಅತಿಥಿಗಾಗಿ ಪ್ರಾಣ ಕೊಟ್ಟದ್ದನ್ನು ಮೊರಾಕ್ಕೋದ ಪ್ರವಾಸಿ ಗೌರವದಿಂದ ಬರೆದ. ಆ ಗುಡ್ಡದ ಕೆಳಗಿನ ರಸ್ತೆಯಲ್ಲಿ ದಿನಾ ಓಡಾಡುವ ನಾವು ತಲೆ ಎತ್ತಿ ನೋಡುವುದಿಲ್ಲ.

ಇನ್ನು ಆಕ್ಷೇಪಣೆಗಳು. ಗೆಳೆಯರು ಹೇಳುವ ಮೊದಲನೆಯದು, "ಅದೇನು ಪ್ರವಾಸ, ದಿನಾ ನೋಡೋದೇ ಅಲ್ವಾ." ಇದನ್ನು ಹೇಳುವವರಿಗೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಹಿರೇಬೆಣಕಲ್ ಗುಡ್ಡ ಹತ್ತಿದ್ದೀರಾ? ಅನೇಕರು ಹತ್ತಿಲ್ಲ. ಹತ್ತಿರ ಇರುವುದೂ ನೋಡಿರುವುದೂ ಬೇರೆ ಬೇರೆ.

ಎರಡನೆಯದು ಮನೆಯ ದೊಡ್ಡವರದು, ಅದನ್ನು ಹಗುರವಾಗಿ ತಳ್ಳಿಹಾಕಲು ಆಗುವುದಿಲ್ಲ. 2025ರ ಫೆಬ್ರುವರಿಯಲ್ಲಿ ಸಾಣಾಪುರದ ಬಳಿ ಬಂಡೆಯಿಂದ ಹೊಳೆಗೆ ಹಾರಿದ ಹೈದರಾಬಾದಿನ ಯುವ ವೈದ್ಯೆ ಸೆಳವಿನಲ್ಲಿ ಕೊಚ್ಚಿಹೋದರು. ಮರುತಿಂಗಳು ಅಲ್ಲೇ ಕಾಲುವೆ ದಂಡೆಯಲ್ಲಿ ರಾತ್ರಿ ಹೊತ್ತು ಪ್ರವಾಸಿಗರ ಮೇಲೆ ಘೋರ ಹಲ್ಲೆ ನಡೆಯಿತು, ಒಬ್ಬ ಪ್ರವಾಸಿಯ ಪ್ರಾಣ ಹೋಯಿತು. ಇಡೀ ಜಿಲ್ಲೆ ತಲೆ ತಗ್ಗಿಸಿದ ದಿನಗಳವು. ಹೀಗಿರುವಾಗ ಮಕ್ಕಳನ್ನು ಅಲ್ಲಿಗೆ ಕಳಿಸುವುದು ಹೇಗೆ ಎಂದು ಪಾಲಕರು ಕೇಳಿದರೆ ಅದು ನ್ಯಾಯವೇ.

ನನ್ನ ಉತ್ತರ ಎರಡು ಭಾಗದ್ದು. ಒಂದು, ಹಗಲಿನಲ್ಲಿ ಉಪನ್ಯಾಸಕರ ಜೊತೆ ಗುಂಪಾಗಿ ಹೋಗಿ ಹೊತ್ತು ಮುಳುಗುವ ಮುನ್ನ ಹಿಂದಿರುಗುವ ಪ್ರವಾಸ ಬೇರೆ, ರಾತ್ರಿ ನಿರ್ಜನ ದಂಡೆ ಬೇರೆ. ಅಪಾಯ ಅಲಪ್ಪುಳದ ನೀರಿನಲ್ಲೂ ಇದೆ. ಅಲ್ಲಿ ಏನಾದರೂ ಆದರೆ ಮನೆಯವರು ತಲುಪಲು ಒಂದು ದಿನ ಬೇಕು, ಇಲ್ಲಿ ಒಂದು ಗಂಟೆ ಸಾಕು. ಎರಡು, ಹೆದರಿ ನಾವೆಲ್ಲ ಆ ಕಡೆ ಮುಖ ಹಾಕದಿದ್ದರೆ ಆ ದಂಡೆ ಇನ್ನಷ್ಟು ನಿರ್ಜನವಾಗುತ್ತದೆ. ನಮ್ಮ ಹೊಳೆ, ನಮ್ಮ ಕೆರೆಗೆ ನಮ್ಮ ಹುಡುಗಿಯರು ನಿರ್ಭಯವಾಗಿ ಹೋಗಿಬರುವಂತಾಗಬೇಕು ಎಂದು ಕೇಳುವ ಹಕ್ಕು ನಮಗಿದೆ. ಮನೆಯಲ್ಲೇ ಕೂತರೆ ಆ ಹಕ್ಕನ್ನು ಯಾರೂ ತಂದು ಕೊಡುವುದಿಲ್ಲ.

ಮೂರನೆಯ ಆಕ್ಷೇಪಣೆ ನನಗೂ ತಟ್ಟುತ್ತದೆ. ಗೆಳೆಯರೊಂದಿಗೆ ರಾತ್ರಿ ಬಸ್ಸಿನಲ್ಲಿ ಹಾಡುತ್ತ ಹೋಗುವುದು, ಗುರುತಿಲ್ಲದ ಊರಿನಲ್ಲಿ ಬೆಳಗಾಗುವುದು, ಇದರ ಖುಷಿ ಒಂದು ದಿನದ ಪ್ರವಾಸದಲ್ಲಿ ಇಲ್ಲ. ಒಪ್ಪುತ್ತೇನೆ. ಆ ಖುಷಿ ಬೇಕಾದವರು, ಮನೆಯಲ್ಲಿ ಅನುಕೂಲ ಇರುವವರು ಪರೀಕ್ಷೆ ಮುಗಿದ ಮೇಲೆ ಮುನ್ನಾರಿಗೆ ಧಾರಾಳವಾಗಿ ಹೋಗಿಬರಲಿ. ಕಾಲೇಜು ನಡೆಸುವ ಒಂದೇ ಪ್ರವಾಸ ಮಾತ್ರ ಎಲ್ಲರಿಗೂ ಎಟುಕುವಂತಿರಲಿ ಎನ್ನುವುದಷ್ಟೇ ನನ್ನ ಬೇಡಿಕೆ.

ಬರೀ ವಾದ ಮಾಡಿ ಬಿಡುವುದು ಬೇಡ ಎಂದು ಒಂದು ಯೋಜನೆಯನ್ನೂ ಮುಂದಿಡುತ್ತೇನೆ. ಜುಮಾ ಇರುವ ಶುಕ್ರವಾರ ಬೇಡ, ಭಾನುವಾರ ಇರಲಿ. ಬೆಳಿಗ್ಗೆ ಆರಕ್ಕೆ ಹೊರಟು ಬಿಸಿಲೇರುವ ಮೊದಲು ಹಿರೇಬೆಣಕಲ್ ಹತ್ತಿ ಇಳಿಯುವುದು. ಜೋಹರ್ ಹೊತ್ತಿಗೆ ಗಂಗಾವತಿ. ಆನೆಗುಂದಿಯಲ್ಲಿ ಮರದ ನೆರಳಲ್ಲಿ ಊಟ. ಹೋಟೆಲ್ ಬೇಡ, ಎಲ್ಲರೂ ಬುತ್ತಿ ಕಟ್ಟಿಕೊಂಡು ಬರೋಣ. ಒಬ್ಬರ ರೊಟ್ಟಿ, ಒಬ್ಬರ ಶೇಂಗಾ ಚಟ್ನಿ, ಒಬ್ಬರ ಮನೆಯ ಬಗಾರಾ ಅನ್ನ ನಡುವೆ ಇಟ್ಟರೆ ಯಾವ ಹೋಟೆಲಿನ ಊಟವೂ ಅದಕ್ಕೆ ಸಮ ಇಲ್ಲ. ಆಮೇಲೆ ಸಾಣಾಪುರದ ಕೆರೆ. ಅಲ್ಲಿಂದ ಮುನಿರಾಬಾದಿನ ಹಿನ್ನೀರು, ಮಗ್ರಿಬ್ ಅಜಾನ್ ಹೊತ್ತಿಗೆ ಕೊಪ್ಪಳ. ಮುಂದಿನ ವರ್ಷದವರು ಕುಷ್ಟಗಿ, ಯಲಬುರ್ಗಾ ದಾರಿ ಹಿಡಿದು ನಿಡಶೇಸಿ, ಕುಕನೂರು, ಇಟಗಿ ನೋಡಲಿ.

ಕೆಲವು ಕಟ್ಟುಪಾಡು ಇರಲಿ. ಯಾರೂ ಹೊಳೆಗೆ, ಕೆರೆಗೆ, ಕಾಲುವೆಗೆ ಇಳಿಯಬಾರದು. ಈಜು ಬರುತ್ತದೆ ಎನ್ನುವವರಿಗೂ ಇದು ಅನ್ವಯ, ಕಾಲುವೆಯ ಸೆಳವಿಗೆ ಈಜು ಬರುವವರು ಬಾರದವರು ಎಂಬ ಭೇದವಿಲ್ಲ. ಹರಿಗೋಲು ಹತ್ತುವುದಾದರೆ ಲೈಫ್ ಜಾಕೆಟ್ ಕಟ್ಟಿಕೊಂಡೇ ಹತ್ತಬೇಕು, ನದಿಗೆ ನೀರು ಬಿಟ್ಟ ದಿನ ಆ ಮಾತೇ ಬೇಡ. ಗುಡ್ಡದಲ್ಲಿ ಕರಡಿ, ಚಿರತೆ ಓಡಾಟ ಇರುವುದರಿಂದ ಊರಿನ ಒಬ್ಬ ತಿಳಿದವರನ್ನು ಮುಂದಿಟ್ಟುಕೊಂಡೇ ಹತ್ತಬೇಕು. ಶಿಲಾ ಸಮಾಧಿಯ ಮೇಲೆ ಹೆಸರು ಗೀಚುವುದು, ಚಪ್ಪಡಿಯ ಮೇಲೆ ಹತ್ತಿ ಸೆಲ್ಫಿ ತೆಗೆಯುವುದು ಬೇಡ. ಅವು ಯಾರದೋ ಕಬರುಗಳು ಎಂದು ನೆನಪಿದ್ದರೆ ಸಾಕು. ಒಯ್ದ ಪ್ಲಾಸ್ಟಿಕ್ ನಮ್ಮ ಜೊತೆಯೇ ವಾಪಸ್ ಬರಲಿ.

ಪ್ರಾಚಾರ್ಯರಲ್ಲಿ, ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟೇ. ನೋಟಿಸ್ ಹಾಕುವ ಮೊದಲು ಪ್ರತಿ ತರಗತಿಯಲ್ಲಿ ಒಂದು ಚೀಟಿ ಕೊಡಿ. ಅದರಲ್ಲಿ ಎಲ್ಲಿಗೆ ಹೋಗಬೇಕು ಎಂದು ಕೇಳಬೇಡಿ, ಯಾವುದಕ್ಕೆ ಬರಲು ಸಾಧ್ಯ ಎಂದು ಕೇಳಿ. ಹೆಸರು ಬರೆಯುವುದು ಬೇಡ. ಮೊದಲ ಪ್ರಶ್ನೆಗೆ ಮಾತನಾಡುವವರು ಮಾತ್ರ ಉತ್ತರ ಕೊಡುತ್ತಾರೆ. ಎರಡನೆಯದಕ್ಕೆ ಸುಮ್ಮನೆ ಕೂತವರೂ ಬರೆಯುತ್ತಾರೆ. ಚೀಟಿಗಳನ್ನು ಎಣಿಸಿದ ಮೇಲೆ ಬಸ್ಸು ಯಾವ ಕಡೆ ತಿರುಗಬೇಕೆಂದು ನೀವೇ ನಿರ್ಧರಿಸಿ.